ಬಹುರೂಪಿಗೆ ಗೆಳೆಯರ ಜೊತೆ ಎರಡು ದಿನ: ಹೋಗಿಬಂದವರು ಅನುಭವ ಹೇಳಿ

ಹೊಸ ಪ್ರೇಕ್ಷಕ: ನಾವು ಬೆಂಗಳೂರಿನ ಐದು ಜನ ಗೆಳೆಯರು. ಶನಿವಾರ, ಭಾನುವಾರ ಮೈಸೂರಿನ ಬಹುರೂಪಿ ನಾಟಕೋತ್ಸವಕ್ಕೆ ಹೋಗೋಣ ಅಂತಿದ್ದೇವೆ. ಇಬ್ಬರು ಇದುವರೆಗೆ ನಾಟಕವನ್ನೇ ನೋಡಿಲ್ಲ. ಒಬ್ಬನಿಗೆ ಕನ್ನಡ ಬರುವುದಿಲ್ಲ. ಕಾರಾ, ರೈಲಾ? ದಿನಕ್ಕೆ ಎಷ್ಟು ನಾಟಕ ನೋಡಬಹುದು? ಎಲ್ಲಿ ಉಳಿಯುವುದು?

ಲೆಕ್ಕದ ಮೇಷ್ಟ್ರು: ಐದು ಜನ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ನಾವೂ ಐದು ಜನವೇ ಹೋಗಿದ್ದು. ಎರಡು ರೂಮು, ಎರಡು ರಾತ್ರಿ. ಒಂದು ರೂಮಿಗೆ ರಾತ್ರಿಗೆ 2,200. ಅಲ್ಲಿಗೆ 8,800 ಆಯಿತು. ಐದನೆಯವನಿಗೆ ಎಕ್ಸ್ಟ್ರಾ ಹಾಸಿಗೆ, ರಾತ್ರಿಗೆ 500. ಒಟ್ಟು 9,800, ತಲೆಗೆ 1,960. ಶುಕ್ರವಾರ ಸಂಜೆ ಬ್ಯಾಗು ಕಾರಿಗೆ ಹಾಕುತ್ತಿದ್ದೇವೆ, ಆ ಐದನೆಯವನ ಫೋನು. ಮನೆಗೆ ನೆಂಟರು ಬಂದಿದ್ದಾರಂತೆ. ಲಾಡ್ಜಿನವನನ್ನು ಕೇಳಿದರೆ ಹಾಸಿಗೆ ಹಾಕಿಸಿ ಆಗಿದೆ, ದುಡ್ಡು ವಾಪಸ್ ಇಲ್ಲ ಅಂದ. ಉಳಿದ ನಾಲ್ವರಿಗೆ ತಲೆಗೆ 2,450 ಬಿತ್ತು. ಬಂದಮೇಲೆ ಅವನ ಪಾಲು ಕೇಳಿದೆ. ‘ನಾನು ಮಲಗದ ಹಾಸಿಗೆಗೆ ನಾನ್ಯಾಕೆ ಕೊಡಲಿ?’ ಅಂದ. ಅವನನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದದ್ದು ನಾನೇ. ಇವತ್ತಿಗೂ ಅದು ಸರಿ ಅಂತಲೇ ಹೇಳುತ್ತೇನೆ. ದುಡ್ಡು ಮೊದಲು ಕೈಗೆ ಬರಲಿ, ಆಮೇಲೆ ರೂಮು ಬುಕ್ ಮಾಡಿ.

ಶಾಲು ಹೊದ್ದವಳು: ಕಾರಿನ ಮಾತೇ ಬೇಡ. ಉತ್ಸವ ನಡೆಯುವ ರಂಗಾಯಣದ ಆವರಣ ಕಲಾಮಂದಿರದ ಪಕ್ಕದಲ್ಲೇ. ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ನಮ್ಮ ಗುಂಪಿನಲ್ಲಿ ಮೂವರು ರೈಲಿನಲ್ಲಿ ಹೋದೆವು. ಒಬ್ಬ ಮಹಾಶಯ ಮಾತ್ರ ‘ಬೈಕಿನಲ್ಲೇ ಬರುತ್ತೇನೆ’ ಅಂತ ಹಟ ಹಿಡಿದ. ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕು ಬಿಡುವುದಿಲ್ಲ ಅಂತ ಊರಿಗೆಲ್ಲ ಗೊತ್ತು, ಇವನಿಗೆ ಗೊತ್ತಿಲ್ಲ! ಸರ್ವೀಸ್ ರಸ್ತೆಯಲ್ಲೇ ಕುಂಟುತ್ತಾ ಬಂದ. ಮಧ್ಯೆ ಪಂಕ್ಚರ್ ಬೇರೆ. ಭೂಮಿಗೀತದಲ್ಲಿ ಅವನಿಗೆ ಅಂತ ಸೀಟು ಹಿಡಿದಿಟ್ಟುಕೊಂಡು ಅಕ್ಕಪಕ್ಕದವರಿಂದ ಬೈಸಿಕೊಂಡವಳು ನಾನು. ಅದು ಚಿಕ್ಕ ರಂಗಮಂದಿರ, ಬೇಗ ತುಂಬುತ್ತದೆ. ಅವನು ಒಳಗೆ ಬಂದಾಗ ಅರ್ಧ ನಾಟಕ ಮುಗಿದಿತ್ತು. ಕೂತವನೇ ‘ಇಲ್ಲಿತನಕ ಏನಾಯ್ತು?’ ಅಂತ ಪಿಸುಗುಟ್ಟಿದ. ಕೊಂದೇಬಿಡೋಣ ಅನಿಸಿತ್ತು.

ಇನ್ನೊಂದು ಮಾತು. ವನರಂಗ ಬಯಲು ರಂಗಮಂದಿರ. ಚಳಿಗಾಲದಲ್ಲಿ ಉತ್ಸವ ಬಂದರೆ ಎಂಟು ಗಂಟೆ ಆಗುತ್ತಿದ್ದ ಹಾಗೇ ಕಾಲು ಜುಮ್ಮೆನ್ನುತ್ತದೆ. ಶಾಲು, ಸಾಕ್ಸು, ಸೊಳ್ಳೆ ಮುಲಾಮು ಇಟ್ಟುಕೊಳ್ಳಿ. ಸ್ಟೈಲಾಗಿ ತೆಳ್ಳಗಿನ ಬಟ್ಟೆ ಹಾಕಿಕೊಂಡು ಬಂದ ಗೆಳತಿಯರಿಗೆ ನನ್ನ ಶಾಲನ್ನೇ ಹಂಚಬೇಕಾಯಿತು.

ಹೆಗ್ಗೋಡಿನ ಹಳಬ: ನಾಟಕ ನೋಡಬೇಕು ಅಂದರೆ ಹೆಗ್ಗೋಡಿಗೆ ಹೋಗಿ. ಅಲ್ಲಿನ ರಂಗಸಂಸ್ಥೆ ನೀನಾಸಂ 1949ರದ್ದು. ಅವರ ಸಂಚಾರಿ ನಾಟಕ ತಂಡ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ನಾವು ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದು. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು, ಬೆಳಗ್ಗೆ ಸಾಗರದಲ್ಲಿ ಇಳಿದರೆ ಅಲ್ಲಿಂದ ಹತ್ತಿರ. ಹಗಲೆಲ್ಲ ಮಾತು, ಚರ್ಚೆ. ಸಂಜೆ ನಾಟಕ. ಮರುದಿನ ಬೆಳಗ್ಗೆ ಅದೇ ನಾಟಕದ ಮೇಲೆ ಜಗಳ. ನನ್ನ ಜೊತೆ ಬಂದ ಇಬ್ಬರು ಮಾತ್ರ ಮಧ್ಯಾಹ್ನದ ಗೋಷ್ಠಿಗೆ ಚಕ್ಕರ್ ಹೊಡೆದು ಜೋಗಕ್ಕೆ ಹೋದರು. ಟ್ಯಾಕ್ಸಿಗೆ 2,600 ಕೊಟ್ಟರಂತೆ. ಅಲ್ಲಿ ಮಂಜು ಮುಸುಕಿ ಜಲಪಾತವೇ ಕಾಣಲಿಲ್ಲವಂತೆ. ಒಳ್ಳೆಯದಾಯಿತು.

ಶಾಲು ಹೊದ್ದವಳು: ಸಾರ್, ಅವರು ಕೇಳಿದ್ದು ಮೈಸೂರಿನದು. ಶಿಬಿರಕ್ಕೆ ಮೊದಲೇ ಹೆಸರು ಕೊಡಬೇಕು, ಪೂರ್ತಿ ಇರಬೇಕು. ಎರಡು ದಿನಕ್ಕೆ ಹೋಗಿಬರುವುದಕ್ಕೆ ಅದೇನು ಪಿಕ್ನಿಕ್ಕಾ?

ಹೆಗ್ಗೋಡಿನ ಹಳಬ: ಅದನ್ನೇ ನಾನೂ ಹೇಳುತ್ತಿರುವುದು ಮೇಡಂ. ಎರಡು ದಿನದಲ್ಲಿ ಆರು ನಾಟಕ ನುಂಗಿ ವಾಪಸ್ ಬರುವುದು ನಾಟಕ ನೋಡುವುದಲ್ಲ.

ದಾಸೋಹ: ನನ್ನನ್ನು ಕೇಳಿದರೆ ಸಾಣೇಹಳ್ಳಿ. ಹೊಸದುರ್ಗ ತಾಲೂಕು, ನವೆಂಬರಿನಲ್ಲಿ ಅಲ್ಲಿನ ಮಠದ ನಾಟಕೋತ್ಸವ. ಬಯಲು ರಂಗಮಂದಿರ ನೋಡಿಯೇ ಗೆಳೆಯರು ಬಾಯಿ ಬಿಟ್ಟರು. ಸಂಜೆ ವಚನ ಗೀತೆ, ಭಾಷಣ, ಆಮೇಲೆ ನಾಟಕ. ಟಿಕೆಟ್ ಇಲ್ಲ. ಊಟ ಮಠದಲ್ಲೇ. ಸುತ್ತಲಿನ ಹಳ್ಳಿಯವರು ಮಕ್ಕಳುಮರಿ ಕಟ್ಟಿಕೊಂಡು ಬಂದು ಕೂತಿರುತ್ತಾರೆ. ಅವರ ಜೊತೆ ಕೂತು ನಗುವ ಸುಖವೇ ಬೇರೆ. ನಮ್ಮ ಗುಂಪಿನ ಒಬ್ಬ ಮಾತ್ರ ‘ಭಾಷಣ ಜಾಸ್ತಿ ಆಯ್ತು’ ಅಂತ ಎದ್ದುಹೋಗಿ ಕಾರಿನಲ್ಲಿ ನಿದ್ದೆ ಮಾಡಿದ. ನಾಟಕ ಶುರುವಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ. ನಾವೂ ಎಬ್ಬಿಸಲಿಲ್ಲ.

ಲೆಕ್ಕದ ಮೇಷ್ಟ್ರು: ಊಟ ಪುಕ್ಕಟೆ ಅಂತ ಹೋದಿರಾ, ನಾಟಕಕ್ಕೆ ಅಂತ ಹೋದಿರಾ?

ದಾಸೋಹ: ಹಾಸಿಗೆ ದುಡ್ಡಿಗೆ ಗೆಳೆಯನನ್ನು ಗ್ರೂಪಿನಿಂದ ತೆಗೆದವರು ನನ್ನನ್ನು ಕೇಳಬೇಡಿ. ಕೈಲಾದಷ್ಟು ಕಾಣಿಕೆ ಹಾಕಿಯೇ ಬಂದಿದ್ದೇವೆ.

ಎರಡನೇ ಸಾಲು: ಎಲ್ಲರೂ ಸ್ವಲ್ಪ ತಣ್ಣಗಾಗಿ. ಕನ್ನಡ ಬಾರದ ಗೆಳೆಯನ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮಲ್ಲೂ ಅಂಥವನಿದ್ದ. ಅವನಿಗೆ ಕಿವಿಯಲ್ಲಿ ಅರ್ಥ ಹೇಳುವ ಕೆಲಸ ನನ್ನದು. ಮೊದಲ ನಾಟಕದಲ್ಲೇ ಹಿಂದಿನ ಸಾಲಿನ ಅಜ್ಜ ಕೋಲಿನಿಂದ ತಿವಿದರು. ಮರುದಿನ ಬೇರೆ ರಾಜ್ಯದ ತಂಡದ ನಾಟಕಕ್ಕೆ ಕರೆದುಕೊಂಡು ಹೋದೆ. ಬಹುರೂಪಿಯಲ್ಲಿ ಹಲವು ಭಾಷೆಯ ನಾಟಕ ಇರುತ್ತವೆ ಅಲ್ವಾ? ಆ ಭಾಷೆ ನಮ್ಮ ಯಾರಿಗೂ ಬರುತ್ತಿರಲಿಲ್ಲ. ಎಲ್ಲರೂ ಮೈ, ಕೈ, ಬೆಳಕು ನೋಡಿಕೊಂಡೇ ಕೂತೆವು. ಅವನಿಗೆ ಹಿಡಿಸಿದ್ದು ಅದೇ. ಸಂಜೆ ರಂಗಾಯಣದ ಕಿಂದರಿಜೋಗಿ ವೇದಿಕೆಯಲ್ಲಿ ಜನಪದ ಕಲೆಗಳೂ ಇರುತ್ತವೆ. ಡೊಳ್ಳಿಗೆ ಅನುವಾದ ಬೇಡ.

ನಿಜವಾದ ಜಗಳ ಬರುವುದು ಬೇರೆ ಕಡೆ. ಭೂಮಿಗೀತ, ವನರಂಗ, ಕಲಾಮಂದಿರ, ಎಲ್ಲ ಕಡೆ ಸಂಜೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಾಟಕ. ಯಾವುದಾದರೂ ಒಂದು ಆರಿಸಲೇಬೇಕು. ‘ಎಲ್ಲರೂ ಒಟ್ಟಿಗೇ ನೋಡೋಣ’ ಅಂದವನೇ ಕೊನೆಗೆ ಮುಖ ಊದಿಸಿಕೊಂಡು ಕೂತ. ಸುಮ್ನೆ ಎರಡು ಗುಂಪು ಮಾಡಿ, ರಾತ್ರಿ ಊಟಕ್ಕೆ ಸೇರಿ. ನಾವು ಹಾಗೆ ಮಾಡಿದ ಮೇಲೇ ಮಾತುಕತೆಗೆ ರುಚಿ ಬಂದದ್ದು.

ಹೊರಡುವ ಮೊದಲು ಒಂದು ಪರೀಕ್ಷೆ ಇಡಿ. ಐದೂ ಜನ ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡಲು ಹೋಗಿ. ತಡವಾಗಿ ಬಂದವರಿಗೆ ಅಲ್ಲಿ ಒಳಗೆ ಬಿಡುವುದಿಲ್ಲ. ಯಾರು ಹೊರಗೆ ಉಳಿಯುತ್ತಾರೋ ಅವರನ್ನು ಮೈಸೂರಿಗೆ ಕರೆಯಬೇಡಿ.

ಟ್ರಾಫಿಕ್ ಸಂತ್ರಸ್ತ: ಆ ನಿಯಮವೇ ಅತಿ. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದೆ. ಸಿಲ್ಕ್ ಬೋರ್ಡಿನಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡಿದ್ದು ನನ್ನ ತಪ್ಪಾ?

ಎರಡನೇ ಸಾಲು: ಅಲ್ಲ. ನಟನ ತಪ್ಪೂ ಅಲ್ಲ.

ಟ್ರಾಫಿಕ್ ಸಂತ್ರಸ್ತ: ಜೆ.ಪಿ. ನಗರದಲ್ಲಿ ಮನೆ ಇರುವವರು ಏನು ಬೇಕಾದರೂ ಹೇಳಬಹುದು ಬಿಡಿ.

ಎರಡನೇ ಸಾಲು: ನನ್ನ ಮನೆ ಯಲಹಂಕ. ಮೂರು ಗಂಟೆಗೆ ಹೊರಡುತ್ತೇನೆ.

ಹೊಸ ಪ್ರೇಕ್ಷಕ: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕಾರಾ, ರೈಲಾ? ಲಾಡ್ಜ್ ಯಾವ ಕಡೆ ನೋಡಲಿ?

ಹೆಗ್ಗೋಡಿನ ಹಳಬ: ತಾಳಗುಪ್ಪ ರೈಲು.

ದಾಸೋಹ: ಮೇಷ್ಟ್ರೇ, 490 ರೂಪಾಯಿಗೆ ಇಷ್ಟು ವರ್ಷದ ಸ್ನೇಹ ಕಳೆದುಕೊಂಡಿರಲ್ಲ, ಅದು ಯಾವ ಲೆಕ್ಕ?

ಲೆಕ್ಕದ ಮೇಷ್ಟ್ರು: 490 ಅಲ್ಲ ಸ್ವಾಮಿ. ಅದು ಒಬ್ಬೊಬ್ಬರಿಗೆ. ನಾಲ್ವರದು ಸೇರಿದರೆ 1,960. ಪೆಟ್ರೋಲು, ಎರಡು ಕಡೆ ಟೋಲು, ಅದರಲ್ಲಿ ಅವನ ಪಾಲು ಇನ್ನೂ ಹಿಡಿದೇ ಇಲ್ಲ.