ಮಂಜನ ಹಾಲಲ್ಲಿ ಆಲೆಮನೆ

ಭಾನುವಾರ ಬೆಳಗ್ಗೆ ಸರಸ್ವತಿಪುರಂ ಟೀ ಅಂಗಡಿ ಮುಂದೆ ಮಂಜ ಹೊಸ ಮನೆ ಪ್ಲಾನ್ ತಂದು ಬೈಕ್ ಸೀಟ್ ಮೇಲೆ ಹರಡ್ದ. ಹಾಲ್ ಗೋಡೆಗೆ ಒಂದು ಚೌಕ ಅಂಟ್ಕೊಂಡಿತ್ತು.

"ಇದೇನ್ ಮಗಾ, ದೇವರ ಮನೆನಾ?" ಅಂದೆ.

"ಫೈರ್‌ಪ್ಲೇಸು. ಊಟಿಲಿ ನೋಡ್ದೆ, ಪೂರ್ತಿ ಇಟ್ಟಿಗೆದು, ಏನ್ ಲುಕ್ಕು ಗೊತ್ತಾ!"

ಶಿವುಗೆ ಟೀ ನೆತ್ತಿಗೆ ಹತ್ತಿಬಿಡ್ತು. ಮಂಡ್ಯದೋನು, ಮನೇಲಿ ಆಲೆಮನೆ ಬೇರೆ ಇದೆ, ಇಟ್ಟಿಗೆ ಬೆಂಕಿ ಅಂದ್ರೆ ಸುಮ್ನಿರೋ ಆಸಾಮಿನೇ ಅಲ್ಲ. "ಮೈಸೂರು ಚಳಿಗೆ ಒಂದ್ ಕಂಬಳಿ ಸಾಕು ಕಣ್ಲಾ. ಅದಿರ್ಲಿ, ಒಳಗಡೆಗೆ ಯಾವ್ ಇಟ್ಟಿಗೆ ಆಕ್ತೀಯ?"

"ಗೋಡೆ ಕಟ್ಟಿ ಮಿಕ್ಕಿರೋದು ಇದ್ಯಲ್ಲ, ಸಿಮೆಂಟ್ ಹಾಕಿ ಕಟ್ಸದು."

ಶಿವುಗೆ ಇಷ್ಟೇ ಬೇಕಾಗಿತ್ತು. ಬೆಂಕಿ ನೆಕ್ಕೋ ಜಾಗಕ್ಕೆ ಮಾಮೂಲಿ ಇಟ್ಟಿಗೆ ಇಟ್ರೆ ಕಾಯೋದು ತಣ್ಣಗಾಗೋದು ಕಾಯೋದು ತಣ್ಣಗಾಗೋದು ಹಿಂಗೇ ಆಗಿ ಚಕ್ಕೆ ಏಳ್ತದೆ, ಸಿಮೆಂಟ್ ಬಿರುಕು ಬಿಟ್ಟು ಉದುರ್ತದೆ, ಅಲ್ಲಿಗೆ ಫೈರ್ ಬ್ರಿಕ್ಕೇ ಬೇಕು, 9 ಇಂಚು ಉದ್ದ 4½ ಇಂಚು ಅಗಲದ್ದು, ತಿಳಿ ಹಳದಿ ಬಣ್ಣ, ಅದನ್ನ ಬೆಂಕಿ ತಡ್ಕೊಳೋ ಫೈರ್ ಕ್ಲೇ ಗಾರೇಲೇ ಕೂರಿಸ್ಬೇಕು, ಸಂದು ತೆಳ್ಳಗಿರ್ಬೇಕು, ನಿನ್ನ ಕೆಂಪಿಟ್ಟಿಗೆ ಏನಿದ್ರೂ ಆಚೆ ಮುಖಕ್ಕೆ, ಫೋಟೋಗೆ! ಅಷ್ಟೂ ಒಂದೇ ಉಸಿರಲ್ಲಿ ಹೇಳಿ ಬನ್ ಕಚ್ಚಿದ.

ನಾನ್ಯಾಕ್ ಹಿಂದೆ ಬೀಳ್ಲಿ, ಫೋನಲ್ಲಿ ಓದಿದ್ದು ಬಿಟ್ಟೆ. 1790ರ ಸುಮಾರಿಗೆ ರಮ್‌ಫೋರ್ಡ್ ಅನ್ನೋನು ಗೂಡಿನ ಆಳ ಕಮ್ಮಿ ಮಾಡಿ ಪಕ್ಕದ ಗೋಡೆಗಳ್ನ ಓರೆ ಮಾಡಿದ್ನಂತೆ, ಶಾಖ ಚಿಮಣಿಗೆ ಹೋಗೋ ಬದಲು ರೂಮಿಗೆ ಬರ್ಲಿ ಅಂತ.

"ಶಾಖ ಬತ್ತದೆ, ಒಗೆ?" ಅಂದ ಶಿವು. ಗೂಡಿನ ಬಾಯಿ ಎಷ್ಟಿದ್ಯೋ ಅದ್ರ 10ರಲ್ಲಿ 1 ಪಾಲಾದ್ರೂ ಚಿಮಣಿ ಕಂಡಿ ಇರ್ಬೇಕಂತೆ, ತಾರಸಿ ಮೇಲೆ 3 ಅಡಿ ಏಳ್ಬೇಕಂತೆ, ಜೊತೆಗೆ 10 ಅಡಿ ಒಳಗೆ ಏನಿದ್ರೂ ಅದಕ್ಕಿಂತ 2 ಅಡಿ ಎತ್ತರ. ಮಂಜ ಪ್ಲಾನ್ ನೋಡ್ದ. ಚಿಮಣಿ ಪಕ್ಕಕ್ಕೇ ನೀರಿನ ಟ್ಯಾಂಕು.

ಅಷ್ಟರಲ್ಲಿ ಅವನ ಅಮ್ಮನ ಫೋನ್ ಬಂತು, ಸ್ಪೀಕರ್ ಬೇರೆ ಆನ್ ಆಗಿತ್ತು. "ಹೊಗೆ ಹೊಗೆ ಅಂತ ಬಚ್ಚಲಲ್ಲಿದ್ದ ಒಲೆ ಒಡಿಸಿ ಗೀಸರ್ ಹಾಕ್ಸಿದೋನು ಈಗ ಹಾಲಲ್ಲಿ ಒಲೆ ಹಾಕ್ತೀಯೇನೋ?"

ಮಂಜ ಸೈಲೆಂಟು.

"ಹೋಗ್ಲಿ ಹಾಕ್ಸು. ಅಟ್ಟದ ಮೇಲೆ ನನ್ ತಾಮ್ರದ ಹಂಡೆ ಸುಮ್ನೆ ಬಿದ್ದದೆ, ಅದು ಕೂರೋ ಹಂಗೆ ಹಾಕ್ಸು."

ಶಿವು ಆಗ್ಲೇ ಪೆನ್ ತಗೊಂಡು ಚೌಕದೊಳಗೆ ರೌಂಡಾಗಿ ಗೀಚ್ತಿದ್ದ. "ಎಷ್ಟ್ ಬಿಂದಿಗೆ ನೀರ್ ಹಿಡೀತದೆ ಕೇಳ್ಲಾ."