ಬೊಗ್ಗನಿಗೆ ಅಪ್ಪುಗೆ ಬೇಡವಾ, ಅಪ್ಪಿದವರು ಬೇಡವಾ?

ಪೆರ್ಲದ ತೋಟ:
ಒಂದು ತಾಪತ್ರಯ ಮಾರಾಯ್ರೆ. ನಮ್ಮ ಬೊಗ್ಗ ಊರ ನಾಯಿ, ಆರು ವರ್ಷ. ರಾತ್ರಿ ತೋಟಕ್ಕೆ ಹಂದಿ ಇಳಿದರೆ ಮೊದಲು ಗೊತ್ತಾಗುವುದು ಅವನಿಗೆ. ಸಂಜೆ ನಾನು ಜಗಲಿಯಲ್ಲಿ ಕೂತರೆ ತಾನಾಗಿ ಬಂದು ತೊಡೆ ಮೇಲೆ ತಲೆ ಇಡುತ್ತಾನೆ, ಸವರುವ ಕೈ ನಿಂತರೆ ಮೂತಿಯಿಂದ ತಳ್ಳುತ್ತಾನೆ. ಮೊನ್ನೆ ರಜೆಗೆ ಬೆಂಗಳೂರಿಂದ ತಂಗಿಯವರು ಬಂದಿದ್ದರು. ಅವಳ ಎಂಟು ವರ್ಷದ ಮಗಳು ಫೋಟೋಕ್ಕೆ ಅಂತ ಅವನ ಕುತ್ತಿಗೆ ತಬ್ಬಿ ಕೆನ್ನೆಗೆ ಕೆನ್ನೆ ಒತ್ತಿದಳು. ಗುರ್ರ್ ಅಂದ. ಮಗು ಬಿಡಲಿಲ್ಲ, ಮುಂಗೈಗೆ ಹಲ್ಲು ತಾಗಿತು. ಬರೀ ತರಚಿದ್ದು, ಆದರೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ ಆಯಿತು. ಈಗ ಭಾವನದ್ದು ಒಂದೇ ಹಠ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ. ನನಗೆ ಅರ್ಥವಾಗದ್ದು ಇಷ್ಟೆ: ಮುದ್ದು ಕೇಳಿಕೊಂಡು ಬರುವ ನಾಯಿ ಅಪ್ಪಿದರೆ ಯಾಕೆ ಸಿಟ್ಟಾಗಬೇಕು?

ಉಪ್ಪಳದವಳು ಈಗ ಬೆಂಗಳೂರು:
ಕೊಡಬೇಡಿ ಅಣ್ಣ, ಪಾಪ. ಆದರೆ ನಾಯಿಗಳಿಗೆ ಅಪ್ಪುಗೆ ಆಗುವುದಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ನನ್ನ ಲ್ಯಾಬ್ರಡಾರ್ ದಿನಾ ನನ್ನ ಜೊತೆಯೇ ಮಲಗುವುದು, ಎಷ್ಟು ತಬ್ಬಿದರೂ ಸುಮ್ಮನಿರುತ್ತದೆ. ಮರಿಯಿಂದ ಅಭ್ಯಾಸ ಮಾಡಿಸಬೇಕು, ಅಷ್ಟೇ ವಿಷಯ.

ಮುಳ್ಳೇರಿಯದ ಪಶುವೈದ್ಯೆ:
"ಸುಮ್ಮನಿರುತ್ತದೆ" ಅಂದಿರಲ್ಲ, ಆ ಮಾತಿನಲ್ಲೇ ಇರುವುದು ಪೇಚು. ನನ್ನ ಮೇಜಿನ ಮೇಲೆ ಇಂಜೆಕ್ಷನ್‌ಗೆ ನಿಂತ ನಾಯಿಯೂ ಸುಮ್ಮನೆ ಇರುತ್ತದೆ, ಖುಷಿಯಿಂದಲ್ಲ. ನಿಮ್ಮ ಅಪ್ಪುಗೆಯ ಫೋಟೋ ಇದ್ದರೆ ನಿಮ್ಮ ಮುಖ ಬಿಟ್ಟು ನಾಯಿಯ ಮುಖ ನೋಡಿ. ಕಿವಿ ಹಿಂದಕ್ಕೆ ಅಂಟಿದೆಯಾ? ಕಣ್ಣಿನ ಬಿಳಿ ಅಂಚು ಕಾಣುತ್ತದಾ? ಮುಖ ಆಚೆ ತಿರುಗಿಸಿದೆಯಾ? ತಿಂಡಿ ಇಲ್ಲದೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಬಿಟ್ಟ ಕೂಡಲೇ ಒದ್ದೆಯಾದವರ ಹಾಗೆ ಮೈ ಕೊಡವುವುದು, ಎಲ್ಲ "ಸಾಕು" ಅನ್ನುವುದರ ಬೇರೆ ಬೇರೆ ರೂಪ. ನಾಯಿ ಹೆದರಿದರೆ ಮೊದಲು ದೂರ ಹೋಗಲು ನೋಡುತ್ತದೆ. ಕುತ್ತಿಗೆಗೆ ಎರಡು ಕೈ ಬಿದ್ದರೆ ಆ ದಾರಿ ಮುಚ್ಚಿತು.

2016ರಲ್ಲಿ ಸ್ಟಾನ್ಲಿ ಕೋರೆನ್ ಅನ್ನುವ ಮನಶ್ಶಾಸ್ತ್ರದ ಪ್ರೊಫೆಸರ್ ಅಂತರ್ಜಾಲದಿಂದ ಇಂಥ 250 ಅಪ್ಪುಗೆಯ ಫೋಟೋ ತೆಗೆದು ನೋಡಿದರು. ಸುಮಾರು 82 ಶೇಕಡ ಫೋಟೋಗಳಲ್ಲಿ ನಾಯಿಯ ಮುಖದಲ್ಲಿ ಕಿರಿಕಿರಿಯ ಒಂದಾದರೂ ಲಕ್ಷಣ ಇತ್ತು.

ನಿವೃತ್ತ ಮಾಷ್ಟ್ರು:
ಡಾಕ್ಟ್ರಮ್ಮ, ನೀವು ಹೇಳಿದ ಲಕ್ಷಣಗಳ ಬಗ್ಗೆ ತಕರಾರಿಲ್ಲ. ಆದರೆ ಆ 82ನ್ನು ಅಷ್ಟು ಜೋರಾಗಿ ಬಡಿಯಬೇಡಿ. ಅದು ಅವರು ಪತ್ರಿಕೆಯ ಅಂಕಣದಲ್ಲಿ ಬರೆದದ್ದು, ಬೇರೆ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿದ ಪ್ರಬಂಧ ಅಲ್ಲ. ಫೋಟೋದಲ್ಲಿ ತಬ್ಬಿದವರು ಯಜಮಾನರಾ ದಾರಿಹೋಕರಾ, ಗೊತ್ತಿಲ್ಲ. ಎದುರಿಗೆ ಮೊಬೈಲ್ ಹಿಡಿದು "ಇಲ್ಲಿ ನೋಡು, ಇಲ್ಲಿ ನೋಡು" ಅಂತ ಕೂಗುವವನು ಒಬ್ಬ ಇರುತ್ತಾನಲ್ಲ, ನಾಯಿಯ ಕಿರಿಕಿರಿ ಅವನಿಂದಲೂ ಆಗಿರಬಹುದು. ಅದೇ ನಾಯಿಗಳನ್ನು ಯಾರೂ ತಬ್ಬಿರದ ಹೊತ್ತಿನ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿದ್ದರೆ ಒಪ್ಪುತ್ತಿದ್ದೆ. ಮದುವೆಮನೆಯಲ್ಲಿ ನನ್ನ ಫೋಟೋ ತೆಗೆದರೆ ನೂರಕ್ಕೆ ನೂರು ಕಿರಿಕಿರಿ ಕಾಣುತ್ತದೆ.

ಮುಳ್ಳೇರಿಯದ ಪಶುವೈದ್ಯೆ:
ಒಪ್ಪಿದೆ ಮಾಷ್ಟ್ರೇ, ಆ ಲೆಕ್ಕ ಗಟ್ಟಿ ಪುರಾವೆ ಅಲ್ಲ. ಎಲ್ಲಿ ನೋಡಬೇಕು ಅಂತ ಕಲಿಸಲಿಕ್ಕೆ ಮಾತ್ರ ಒಳ್ಳೆಯದು.

ಉಪ್ಪಳದವಳು ಈಗ ಬೆಂಗಳೂರು:
ಹಾಗಾದರೆ ನನ್ನ ಪುರಾವೆಯನ್ನೂ ಕೇಳಿ. ನಾಯಿಯನ್ನು ಮುದ್ದಿಸಿದರೆ ಪ್ರೀತಿ, ನಂಟಿಗೆ ಸಂಬಂಧಪಟ್ಟ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಇಬ್ಬರಲ್ಲೂ ಏರುತ್ತದೆ. ಜಪಾನಿನವರು 2015ರಲ್ಲಿ ತೋರಿಸಿದ್ದಾರೆ.

ನಿವೃತ್ತ ಮಾಷ್ಟ್ರು:
ಜಪಾನಿನವರು ಮುಖ್ಯವಾಗಿ ನೋಡಿದ್ದು ಕಣ್ಣಿಗೆ ಕಣ್ಣು ಇಟ್ಟು ನೋಡುವುದನ್ನು ತಂಗಿ. ಯಜಮಾನನನ್ನು ಹೆಚ್ಚು ಹೊತ್ತು ನೋಡಿದ ನಾಯಿಗಳಲ್ಲೂ ಅವುಗಳ ಯಜಮಾನರಲ್ಲೂ ಅದು ಏರಿತು, ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಸವರಿದಾಗಲೂ ಇಬ್ಬರಲ್ಲಿ ಏರುತ್ತದೆ ಅಂತ ದಕ್ಷಿಣ ಆಫ್ರಿಕದವರು 2003ರಲ್ಲಿ ಹೇಳಿದ್ದು ಹೌದು. ಆದರೆ ಸವರುವುದು ಬೇರೆ, ಕುತ್ತಿಗೆಗೆ ಜೋತು ಬೀಳುವುದು ಬೇರೆ.

ಕುಂಬ್ಡಾಜೆ ಹಳೇಮನೆ:
ಎಂತ ಕಥೆ ಇದು! ನಾಯಿಯನ್ನು ನಾಯಿಯ ಹಾಗೆ ಇಟ್ಟರೆ ಈ ಹಾರ್ಮೋನು ಚರ್ಚೆಯೇ ಬೇಡ. ನಮ್ಮ ಅಮ್ಮ ಮಡಿ, ಜೀವಮಾನದಲ್ಲಿ ನಾಯಿ ಮುಟ್ಟಿದವರಲ್ಲ. ಎರಡು ಹೊತ್ತು ಅಂಗಳದ ಕರೆಯಲ್ಲಿ ಅನ್ನ ಹಾಕಿ ಎರಡು ಮಾತು ಬೈದು ಒಳಗೆ ಹೋಗುತ್ತಿದ್ದರು. ಅವರು ತೀರಿಹೋದ ಮೇಲೆ ನಮ್ಮ ಕಾಳು ಮೂರು ದಿವಸ ಅಡುಗೆಮನೆಯ ಹಿಂಬಾಗಿಲು ಬಿಟ್ಟು ಏಳಲಿಲ್ಲ. ಮುಟ್ಟದೆಯೂ ಪ್ರೀತಿ ಇರುತ್ತದೆ ಸ್ವಾಮಿ.

ಉಪ್ಪಳದವಳು ಈಗ ಬೆಂಗಳೂರು:
ಅಜ್ಜಿಯ ಕಥೆ ಓದಿ ಕಣ್ಣು ಒದ್ದೆಯಾಯಿತು. ಆದರೂ ಮಾವ, ಮುಟ್ಟಿದ್ದರೆ ಕಾಳುವಿಗೆ ಇನ್ನೂ ಖುಷಿ ಆಗುತ್ತಿತ್ತು ಅಲ್ವಾ? ಬೈಗುಳ ತಿಂದು ಬದುಕಬೇಕಾ?

ಮುಳ್ಳೇರಿಯದ ಪಶುವೈದ್ಯೆ:
ಇದರಲ್ಲಿ ನಾನು ಉಪ್ಪಳದವರ ಪಕ್ಷ. ಫೋಯರ್‌ಬಾಕರ್, ವಿನ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ಒಬ್ಬರು ನಾಯಿಯನ್ನು ಸವರುತ್ತಾ ಕೂತರು, ಇನ್ನೊಬ್ಬರು ಬಾಯಲ್ಲಿ ಹೊಗಳುತ್ತಾ. ನಾಯಿಗಳು ಸವರುವವರ ಹತ್ತಿರವೇ ಹೆಚ್ಚು ಹೊತ್ತು ನಿಂತವು. ಬರೀ ಹೊಗಳಿಕೆಗೂ ಸುಮ್ಮನೆ ಕೂರುವುದಕ್ಕೂ ಅವುಗಳಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆ ನಾಯಿಗಳಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಇತ್ತು, ಅದನ್ನು ಮರೆಯಬೇಡಿ. ತೊಡೆಗೆ ಬಂದ ಬೊಗ್ಗನಿಗೂ ಇತ್ತು. ಫೋಟೋದಲ್ಲಿ ಇರಲಿಲ್ಲ.

ಇನ್ನೊಂದು. ಗುರ್ರ್ ಅಂದದ್ದಕ್ಕೆ ಅವನಿಗೆ ಹೊಡೆದಿಲ್ಲ ತಾನೆ?

ಪೆರ್ಲದ ತೋಟ:
ಭಾವ ಕೋಲು ಎತ್ತಿದರು. ನಾನು ತಡೆದೆ.

ಮುಳ್ಳೇರಿಯದ ಪಶುವೈದ್ಯೆ:
ಒಳ್ಳೆಯದಾಯಿತು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಮಾತ್ರ ಬಿಡುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಕುಂಬ್ಡಾಜೆ ಹಳೇಮನೆ:
ಮಗುವಿನ ಗಾಯಕ್ಕೆ ಸುಣ್ಣ ಹಚ್ಚಿದಿರಾ? ಹಿಂದೆ ನಾವು ಅದನ್ನೇ ಮಾಡುತ್ತಿದ್ದದ್ದು.

ಮುಳ್ಳೇರಿಯದ ಪಶುವೈದ್ಯೆ:
ದಯವಿಟ್ಟು ಬೇಡ! ಸುಣ್ಣ, ಮೆಣಸಿನ ಪುಡಿ ಏನೂ ಬೇಡ. ನಳ್ಳಿಯ ನೀರಿನ ಕೆಳಗೆ ಸಾಬೂನು ಹಾಕಿ 15 ನಿಮಿಷ ತೊಳೆಯುವುದು, ಆಮೇಲೆ ನೇರ ಆಸ್ಪತ್ರೆ. ತರಚಿದ್ದಾದರೂ ಸರಿ, ಮನೆ ನಾಯಿಯಾದರೂ ಸರಿ. ಹೇಳಿದಷ್ಟು ಡೋಸ್ ಪೂರ್ತಿ ಆಗಬೇಕು. ಬೊಗ್ಗನನ್ನು ಹತ್ತು ದಿವಸ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ, ಅಷ್ಟರೊಳಗೆ ಯಾರಿಗೂ ಕೊಡುವ ಮಾತೇ ಬೇಡ. ಅವನಿಗೆ ವರ್ಷದ ರೇಬೀಸ್ ಲಸಿಕೆ ಆಗಿದೆಯಾ?

ಪೆರ್ಲದ ತೋಟ:
ಜನವರಿಯಲ್ಲಿ ಆಗಿದೆ, ಪುಸ್ತಕ ಉಂಟು.

ಮುಳ್ಳೇರಿಯದ ಪಶುವೈದ್ಯೆ:
ಸರಿ. ಹಾಗಾದರೆ ಸಂಜೆ ಒಂದು ಕೆಲಸ ಮಾಡಿ. ಅವನಾಗಿ ಬಂದ ಮೇಲೆ ಎದೆಯ ಬದಿ, ಗದ್ದದ ಕೆಳಗೆ, ಬೆನ್ನು, ಹೀಗೆ ಒಂದೊಂದು ಕಡೆ ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಿರಿ. ಒರಗಿದರೆ, ತಳ್ಳಿದರೆ, ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ ಅಲ್ಲಿಗೆ ಬಿಡಿ. ಮಕ್ಕಳಿಗೂ ಈ ಆಟ ಕಲಿಸಬಹುದು, ದೊಡ್ಡವರು ಪಕ್ಕದಲ್ಲಿ ಇದ್ದರೆ ಮಾತ್ರ.

ಪೆರ್ಲದ ತೋಟ (ಮರುದಿನ):
ಮಾಡಿ ನೋಡಿದೆ. ಎದೆ ಸವರಿದರೆ ಪೂರಾ ಭಾರ ನನ್ನ ಮೇಲೆ ಬಿಟ್ಟ. ಗದ್ದಕ್ಕೂ ಹಾಗೇ. ನೆತ್ತಿ ಮೇಲೆ ಕೈ ತಂದಾಗ ತಲೆ ತಗ್ಗಿಸಿ ತುಟಿ ನೆಕ್ಕಿದ. ಆರು ವರ್ಷ ನಾನು ನೆತ್ತಿಯನ್ನೇ ತಟ್ಟಿದ್ದು ಮಾರಾಯ್ರೆ! ಎಡ ಕಿವಿಯ ಹತ್ತಿರ ಹೋದಾಗ ಮಾತ್ರ ಎದ್ದೇ ಹೋದ. ಮಗು ಕೆನ್ನೆ ಒತ್ತಿದ್ದೂ ಎಡಗಡೆಯೇ. ಸಂಶಯ ಬಂದು ಟಾರ್ಚ್ ಹಿಡಿದು ನೋಡಿದೆ. ಒಳಗೆ ಕೆಂಪು, ಕಪ್ಪು ಕೊಳೆ, ಕೆಟ್ಟ ವಾಸನೆ.

ನಿವೃತ್ತ ಮಾಷ್ಟ್ರು:
ನೋಡಿ, ನಾವು ಅಪ್ಪುಗೆ ಅಪ್ಪುಗೆ ಅಂತ ನಿನ್ನೆ ಪೂರಾ ಗುದ್ದಾಡಿದೆವು. ಕೇಳಬೇಕಾದ ಮೊದಲ ಪ್ರಶ್ನೆ "ಅವನಿಗೆ ಎಲ್ಲಿಯಾದರೂ ನೋವುಂಟಾ" ಅಂತ ಇತ್ತು.

ಮುಳ್ಳೇರಿಯದ ಪಶುವೈದ್ಯೆ:
ಆ ಪ್ರಶ್ನೆ ಕೇಳಬೇಕಾದವಳು ನಾನು. ತಪ್ಪಾಯಿತು. ಮಳೆ ಶುರುವಾದರೆ ನಮ್ಮ ಕಡೆ ಕಿವಿಯ ಸೋಂಕು ಜಾಸ್ತಿ, ಒದ್ದೆ ಒಳಗೆ ಉಳಿಯುತ್ತದೆ. ಎಣ್ಣೆ ಗಿಣ್ಣೆ ಬಿಡಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೆರ್ಲದ ತೋಟ (ರಾತ್ರಿ):
ಹೋಗಿ ಬಂದೆವು. ಸೋಂಕೇ ಅಂತೆ. ದಿನಕ್ಕೆ ಎರಡು ಸಲ ಕಿವಿಗೆ ಮದ್ದು ಬಿಡಬೇಕು. ತಂಗಿಗೆ ಫೋನ್ ಮಾಡಿ ಹೇಳಿದೆ. ಭಾವ "ನೋಡುವಾ" ಅಂದರು, ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮಗು ಮಾತ್ರ "ಬೊಗ್ಗನಿಗೆ ಕಿವಿನೋವಾ?" ಅಂತ ಕೇಳಿ ಅತ್ತಳು. ಈಗ ಹೊಸ ಫಜೀತಿ: ಮದ್ದು ಬಿಡಬೇಕಾದರೆ ಒಬ್ಬರು ಕುತ್ತಿಗೆ ತಬ್ಬಿ ಹಿಡಿಯಲೇಬೇಕಲ್ಲ!

ಮುಳ್ಳೇರಿಯದ ಪಶುವೈದ್ಯೆ:
ತಬ್ಬಬೇಡಿ. ಎದುರಿಗೆ ಒಬ್ಬರು ನೀರುದೋಸೆಯ ಚೂರು ಒಂದೊಂದೇ ಕೊಡುತ್ತಾ ಇರಲಿ, ನೀವು ಬದಿಯಿಂದ ಕಿವಿ ಎತ್ತಿ ಬಿಡಿ. ಬಾಟಲಿ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಬಿಟ್ಟ ಕೂಡಲೇ ಎದ್ದು ಹೋದರೆ ಹೋಗಲಿ.

ಪೆರ್ಲದ ತೋಟ:
ಮನೆಯಲ್ಲಿ ನಾನೊಬ್ಬನೇ, ಇವಳು ತವರಿಗೆ ಹೋಗಿದ್ದಾಳೆ.

ಕುಂಬ್ಡಾಜೆ ಹಳೇಮನೆ:
ನಾಳೆ ಬೆಳಗ್ಗೆ ಪೆರ್ಲಕ್ಕೆ ಬರಲಿಕ್ಕೆ ಉಂಟು, ಅಡಿಕೆ ಕೊಡುವ ಕೆಲಸ. ದೋಸೆ ನಾನು ಕೊಡುತ್ತೇನೆ. ಮುಟ್ಟುವುದು ಮಾತ್ರ ನನ್ನಿಂದ ಆಗದು.