ಡಾಡೊ ಬ್ಲೇಡ್ ಸೆಟ್ ಆಯ್ಕೆಗೆ ಸಹಾಯ ಬೇಕು (ಪುಣೆ)

ಎಲ್ಲರಿಗೂ ನಮಸ್ಕಾರ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಪ್ಲೈವುಡ್ ತಂದು, ಇಲ್ಲಿನ ಕನ್ನಡ ಗೆಳೆಯರ ಪುಟ್ಟ ವಾಚನಾಲಯಕ್ಕೆ ಪುಸ್ತಕದ ಕಪಾಟುಗಳನ್ನು ಮಾಡುತ್ತಿದ್ದೇನೆ. ದಪ್ಪ ನಿಘಂಟುಗಳ ಭಾರವನ್ನು ಬರಿಯ ಮೊಳೆಗಳ ಮೇಲೆ ಹೊರಿಸಲು ಮನಸ್ಸಿಲ್ಲ. ಪಕ್ಕದ ಹಲಗೆಗಳಲ್ಲಿ 6 ಮಿ.ಮೀ. ಆಳದ ತೋಡು ತೆಗೆದು ಅಡ್ಡಹಲಗೆಗಳನ್ನು ಕೂರಿಸಬೇಕು. ಅದಕ್ಕೆ ಅಗಲವಾದ ತೋಡನ್ನು ಒಂದೇ ಬಾರಿಗೆ ಕೊರೆಯುವ ಡಾಡೊ ಬ್ಲೇಡ್ ಸೆಟ್ ಬೇಕು.

ನನ್ನ ಟೇಬಲ್ ಸಾ (ಮೇಜಿನ ಗರಗಸ) 10 ಇಂಚಿನದು, ಬ್ಲೇಡು ಕೂರುವ ಶಾಫ್ಟ್ 5/8 ಇಂಚು (ಸುಮಾರು 16 ಮಿ.ಮೀ.). 8 ಇಂಚಿನವರೆಗಿನ ಡಾಡೊ ಸೆಟ್ ಹಾಕಬಹುದೆಂದು ಕೈಪಿಡಿಯಲ್ಲಿದೆ. ಆದರೆ ಅಂಗಡಿಗಳಲ್ಲಿ ತೋರಿಸುವ ಬ್ಲೇಡುಗಳ ರಂಧ್ರ 25.4 ಅಥವಾ 30 ಮಿ.ಮೀ. ಬುಷ್ (ರಂಧ್ರವನ್ನು ಕಿರಿದಾಗಿಸುವ ಬಳೆ) ಹಾಕಿ ಹೊಂದಿಸಿಕೊಳ್ಳಿ ಎನ್ನುತ್ತಾರೆ. ಎರಡು ಹೊರಬ್ಲೇಡು, ನಡುವೆ ಮರವನ್ನು ಕೆತ್ತಿ ತೆಗೆಯುವ ಚಿಪ್ಪರ್‌ಗಳು, ಇಷ್ಟೂ ಒಟ್ಟಿಗೆ ತಿರುಗುವಾಗ ಬುಷ್ಷನ್ನು ನಂಬಲು ನನಗೆ ಧೈರ್ಯವಿಲ್ಲ. ಸರಿಯಾದ ರಂಧ್ರದ ಸೆಟ್ ಮುಂಬೈಯ ನಾಗದೇವಿ ಬೀದಿಯಲ್ಲಿ ಸಿಗುತ್ತದೆಯೇ? ಅಲ್ಲಿ ಕೊಂಡವರು ದಯವಿಟ್ಟು ತಿಳಿಸಿ.

ತೋಡಿನ ಆಳ ಇಷ್ಟು ಕಡಿಮೆಯಿರುವಾಗ 6 ಇಂಚಿನ ಸೆಟ್ ಸಾಲದೇ? ಹಗುರವಾದ್ದರಿಂದ ಮೋಟರಿನ ಮೇಲೆ ಹೊರೆಯೂ ಕಡಿಮೆ ಎಂಬುದು ನನ್ನ ಲೆಕ್ಕ. ಓರೆಯಾಗಿ ತಿರುಗುವ ಒಂಟಿ ವಾಬಲ್ ಬ್ಲೇಡು ಅಗ್ಗವೇನೋ ಹೌದು, ಆದರೆ ತೋಡಿನ ತಳ ಸಮತಟ್ಟಾಗಿ ಬರುವುದಿಲ್ಲ, ಅದು ಬೇಡ. ಪ್ಲೈವುಡ್ಡಿನ ಮೇಲ್ಪದರ ಸಿಬಿರೇಳದಂತೆ ಎಷ್ಟು ಹಲ್ಲಿನ ಹೊರಬ್ಲೇಡು ಒಳ್ಳೆಯದು? 18 ಮಿ.ಮೀ. ಎಂದು ಕೊಟ್ಟ ಹಲಗೆ ಅಳೆದರೆ ಅದಕ್ಕಿಂತ ತುಸು ತೆಳು, ಹಾಗಾಗಿ ಬ್ಲೇಡುಗಳ ನಡುವೆ ಇಟ್ಟು ತೋಡಿನ ಅಗಲ ಹೊಂದಿಸುವ ತೆಳುವಾದ ಶಿಮ್‌ಗಳು ಜೊತೆಗಿರಲೇಬೇಕು.

ಇನ್ನೊಂದು ಮಾತು. ಡಾಡೊ ಹಾಕುವಾಗ, ಬ್ಲೇಡಿನ ಹಿಂದೆ ನಿಂತು ಹಲಗೆ ಚಿಮ್ಮದಂತೆ ತಡೆಯುವ ರೈವಿಂಗ್ ನೈಫನ್ನು ತೆಗೆಯಬೇಕಾಗುತ್ತದೆ. ಆಗ ಹಲಗೆ ಹಿಂದಕ್ಕೆ ಚಿಮ್ಮದಂತೆ ನೀವು ಯಾವ ಏರ್ಪಾಡು ಮಾಡಿಕೊಳ್ಳುತ್ತೀರಿ? ಫೋಟೊ ಇದ್ದರೆ ಹಾಕಿ.